ಹೆಸರಿಲ್ಲದೆ ಮರಳಿದ ತಾಳಮದ್ದಳೆಗಳು

ಕಳೆದ ಆಟಿ ತಿಂಗಳಿನ ಒಂದು ಮಳೆಯ ಮಧ್ಯಾಹ್ನ, ಅಪ್ಪ 20 ವರ್ಷ ಕೂಡಿಟ್ಟಿದ್ದ ತಾಳಮದ್ದಳೆಯ (ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನದ) ಧ್ವನಿಮುದ್ರಣಗಳನ್ನೆಲ್ಲ ನಾನು ಕೈಯಾರೆ ಅಳಿಸಿಬಿಟ್ಟೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದುದರ ಇನ್ನೊಂದು ಪ್ರತಿ ಇರಲೆಂದು ಹೊಸ ಡಿಸ್ಕ್ ತಂದು, ಎರಡನ್ನೂ ಸರಿಸಮ ಮಾಡುವ ತಂತ್ರಾಂಶವನ್ನು ತೆರೆದಿದ್ದೆ. ಅದರ ‘ಮಿರರ್’ ಆಯ್ಕೆಯು ಮೂಲದಲ್ಲಿ ಇಲ್ಲದ ಕಡತಗಳನ್ನು ಇನ್ನೊಂದು ಕಡೆಯಿಂದಲೂ ತೆಗೆದುಹಾಕುತ್ತದೆ. ನಾನು ಬರಿದಾದ ಹೊಸ ಡಿಸ್ಕನ್ನೇ ಮೂಲವೆಂದು ತೋರಿಸಿದ್ದೆ. ರೀಸೈಕಲ್ ಬಿನ್ನಿನಲ್ಲಿಯೂ ಏನೂ ಉಳಿಯಲಿಲ್ಲ.

ಹೋದದ್ದು ಸುಮಾರು 12 ಜಿಬಿ. ಆದರೆ ಅದು 90 ನಿಮಿಷಗಳ 140 ಕ್ಯಾಸೆಟ್ಟುಗಳು. ಕ್ಯಾಸೆಟ್ಟನ್ನು ಪೂರ್ತಿ ಓಡಿಸಿಯೇ ಕಂಪ್ಯೂಟರಿಗೆ ಇಳಿಸಬೇಕಾದ್ದರಿಂದ, ನಾನು 210 ಗಂಟೆ ಅದರ ಮುಂದೆ ಕುಳಿತಿದ್ದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವೂ (ಪಾತ್ರವಾಗಿ ಆಡುವ ಮಾತು) ಬಲಿಪ ನಾರಾಯಣ ಭಾಗವತರು ಹಾಡಿದ ಪದಗಳೂ ಅದರಲ್ಲಿದ್ದವು. ನಮ್ಮ ಕಾಸರಗೋಡಿನ ಮಳೆಗೆ ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟುಗಳನ್ನು ಆಮೇಲೆ ಎಸೆದಿದ್ದೆವು.

ಹಾರ್ಡ್ ಡಿಸ್ಕಿನಲ್ಲಿ ಕಡತವನ್ನು ಅಳಿಸಿದರೆ ಆ ಜಾಗ ಖಾಲಿಯೆಂದು ದಾಖಲಾಗುತ್ತದೆಯೇ ಹೊರತು, ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಧ್ವನಿ ಅಲ್ಲಿಯೇ ಇರುತ್ತದೆ. ಆದ್ದರಿಂದ ಡಿಸ್ಕನ್ನು ಕೂಡಲೇ ಕಳಚಿಟ್ಟು, ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಹುಡುಕಿಸಿದೆ. ಕ್ಯಾಸೆಟ್ಟಿನ ಒಂದೊಂದು ಬದಿಗೆ ಒಂದರಂತೆ ಇದ್ದ 280 ಕಡತಗಳಲ್ಲಿ 251 ಸಿಕ್ಕಿದವು. ಆದರೆ ಈ ತಂತ್ರಾಂಶ ಕಡತದ ಒಳಗಿನ ಗುರುತನ್ನು ನೋಡಿ ಹೆಕ್ಕುವುದರಿಂದ, ಹೆಸರುಗಳು ಬರಲಿಲ್ಲ; ಬಂದದ್ದು ಬರಿಯ ಅಂಕೆಗಳು. ಅಪ್ಪ ನೀಲಿ ಪೆನ್ನಿನಲ್ಲಿ ಕ್ಯಾಸೆಟ್ಟಿನ ಚೀಟಿಗಳ ಮೇಲೆ ಬರೆದಿದ್ದ ಪ್ರಸಂಗ, ಊರು, ಇಸವಿಗಳನ್ನು ನಾನು ಕಡತದ ಹೆಸರಿನಲ್ಲಿ ಮಾತ್ರ ಬರೆದಿದ್ದೆ, ಎಂಪಿತ್ರೀ ಕಡತದ ಒಳಗೇ ವಿವರ ಬರೆದಿಡುವ ಟ್ಯಾಗಿನಲ್ಲಿ ಬರೆದಿರಲಿಲ್ಲ. ನನಗೆ ಈಗಲೂ ಸಂಕಟವಾಗುವುದು ಇದಕ್ಕೇ.

ಈಗ ಸಂಜೆ ದೀಪ ಹಚ್ಚಿದ ಮೇಲೆ ಅಮ್ಮನೂ ನಾನೂ ಒಂದೊಂದನ್ನೇ ಕೇಳುತ್ತೇವೆ. ಪ್ರಸಂಗ ಯಾವುದೆಂದು ಪದಗಳಿಂದ, ಅರ್ಥಧಾರಿ ಯಾರೆಂದು ಸ್ವರದಿಂದ ತಿಳಿಯುತ್ತದೆ. ಊರು ತಿಳಿಯುವುದು ಕಷ್ಟ. ಮೊನ್ನೆ ಒಂದರಲ್ಲಿ, ಮಂಗಳ ಪದಕ್ಕೆ ಸ್ವಲ್ಪ ಮೊದಲು, ಮದ್ದಳೆಯ ಹಿಂದೆ ದೂರದಿಂದ ಬೆಳಗಿನ ಬಾಂಗ್ ಕೇಳಿಸಿತು. ಅಮ್ಮ ಅಡಕೆ ಸುಲಿಯುವುದನ್ನು ನಿಲ್ಲಿಸಿ, “ಇದು ಕುಂಬಳೆಯ ದೊಡ್ಡಮ್ಮನ ಮನೆಯಲ್ಲಿ ಆದದ್ದು, ಅಲ್ಲಿ ಮಸೀದಿ ಹತ್ತಿರ” ಎಂದರು. ಟ್ಯಾಗಿನಲ್ಲಿ ಊರನ್ನು ಬರೆದೆ. ಇಸವಿಯ ಜಾಗ ಇನ್ನೂ ಖಾಲಿಯಿದೆ.