ಬೆಳಗಾವಿಯಿಂದ ಕಾಶ್ಮೀರದ ಸರೋವರಗಳಿಗೆ: ಮೇ ರಜೆ ಬೇಡ, ಜುಲೈಗೆ ಕಾಯಿರಿ

ಮಕ್ಕಳ ಪರೀಕ್ಷೆ ಮುಗಿದರೆ ನಮಗೆ ಬೇಸಿಗೆ ಬಂತೆಂದೇ ಲೆಕ್ಕ. ಹಾಗಾಗಿ ಗೆಳೆಯರು ಕಾಶ್ಮೀರದ ಸರೋವರಗಳ ಚಾರಣಕ್ಕೂ ಮೇ ತಿಂಗಳಲ್ಲೇ ಹೊರಡೋಣ ಎಂದು ಹಠ ಹಿಡಿದರು. ನಾನು ಒಪ್ಪಲಿಲ್ಲ. ಮೇನಲ್ಲಿ ಅಲ್ಲಿಯ ಕಣಿವೆದಾರಿಗಳು, ಅಂದರೆ ಬೆಟ್ಟಸಾಲು ದಾಟುವ ಎತ್ತರದ ದಾರಿಗಳು, ಹಿಮದಡಿ ಮುಚ್ಚಿರುತ್ತವೆ, ಸರೋವರದ ನೀರೂ ಹೆಪ್ಪುಗಟ್ಟಿರುತ್ತದೆ. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಹೋಗಿ. ರಜೆಯನ್ನು ಅದಕ್ಕೇ ಉಳಿಸಿಕೊಳ್ಳಿ.

ಅಭ್ಯಾಸಕ್ಕೆಂದು ಎರಡು ತಿಂಗಳು ಪ್ರತಿ ಭಾನುವಾರ ಎಂಟು ಕಿಲೋ ಚೀಲ ಬೆನ್ನಿಗೇರಿಸಿ ಊರ ಹತ್ತಿರದ ಯಳ್ಳೂರಿನ ರಾಜಹಂಸಗಡ ಕೋಟೆ ಹತ್ತಿ ಇಳಿದೆವು. ಜೂನ್ ಮಳೆಯಲ್ಲಿ ಹತ್ತಿದ್ದು ಒಳ್ಳೆಯದಾಯಿತು. ನನ್ನ ರೇನ್‌ಕೋಟ್ ಹೊಲಿಗೆಯಲ್ಲಿ ಸೋರುತ್ತಿತ್ತು, ಹೊಸ ಬೂಟು ಹಿಮ್ಮಡಿ ಕಚ್ಚುತ್ತಿತ್ತು. ಎರಡೂ ಊರಲ್ಲೇ ಗೊತ್ತಾದವು.

ಗೋವಾ ಎಕ್ಸ್‌ಪ್ರೆಸ್ ಬೆಳಗಾವಿಯಿಂದ ನೇರ ದೆಹಲಿಗೆ ಹೋಗುತ್ತದೆ, ಅಲ್ಲಿಂದ ಶ್ರೀನಗರಕ್ಕೆ ವಿಮಾನ. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಬೆಟ್ಟ ಹತ್ತಿದ ಮೇಲೆ ಅದೂ ಸಿಗದು, ಮನೆಯವರಿಗೆ ಮೊದಲೇ ಹೇಳಿಡಿ. ದಾರಿಯಲ್ಲಿ ಸೇನೆಯವರು ತಪಾಸಣೆ ಮಾಡುತ್ತಾರೆ, ಅಸಲಿ ಆಧಾರ್ ಜೇಬಲ್ಲಿರಲಿ. ಚೀಲದಲ್ಲಿ ಗೋಕಾಕದ ಕರದಂಟು, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದವು. ಕೊರೆಯುವ ಚಳಿಯಲ್ಲಿ ಒಂದು ತುಂಡು ಕರದಂಟು ಬಾಯಿಗಿಟ್ಟರೆ ಇನ್ನೊಂದು ತಾಸು ನಡೆಯುವ ಕಸುವು ಬರುತ್ತದೆ.

ಚಾರಣ ಶುರುವಾಗುವ ಸೋನಮಾರ್ಗದಿಂದ ಮುಗಿಯುವ ನಾರಾನಾಗ್ ಹಳ್ಳಿಯವರೆಗೆ ಸುಮಾರು 70 ಕಿ.ಮೀ. ನಡಿಗೆ. ಎರಡನೇ ದಿನ ನಿಚನೈ ಕಣಿವೆದಾರಿ ದಾಟಿ ವಿಷನ್‌ಸರ್ ಸರೋವರ ಸೇರಿದೆವು. ದಡದಲ್ಲಿ ಕೂತರೆ ತಳದ ಕಲ್ಲು ಎಣಿಸಬಹುದು. ಕೈ ಅದ್ದಿ ಹತ್ತು ಎಣಿಸುವಷ್ಟರಲ್ಲಿ ಬೆರಳು ಮರಗಟ್ಟಿದವು.

ಅದೇ ರಾತ್ರಿ ನಮ್ಮಲ್ಲೊಬ್ಬ ಊಟ ಬೇಡವೆಂದ. ತಲೆ ಸಿಡಿಯುತ್ತಿದೆ, ವಾಕರಿಕೆ ಬರುತ್ತಿದೆ ಎಂದ. ಬೆಳಗಾವಿ ಸಮುದ್ರಮಟ್ಟದಿಂದ 750 ಮೀಟರ್ ಮೇಲಿದೆ, ವಿಷನ್‌ಸರ್ 3,700 ಮೀಟರ್ ಹತ್ತಿರ. ಆ ಎತ್ತರ ಮೈಗೆ ಒಗ್ಗಲು ಸಮಯ ಕೊಡಲೇಬೇಕು. ಗೈಡ್ ಮರುದಿನ ಯಾರನ್ನೂ ಮುಂದೆ ಹೊರಡಗೊಡಲಿಲ್ಲ, ಸಂಜೆಯೊಳಗೆ ಗೆಳೆಯ ಸುಧಾರಿಸಿಕೊಂಡ. ಆರಾಮಾಗದಿದ್ದರೆ ಕೆಳಗೆ ಇಳಿಸುವುದೊಂದೇ ದಾರಿ ಇತ್ತು. ನೀವೂ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೊರಡಿ. ಎತ್ತರದಿಂದ ಬರುವ ಈ ತೊಂದರೆಗೆ ಗುಳಿಗೆಯ ಬಗ್ಗೆ ಊರಿನ ಡಾಕ್ಟರನ್ನು ಕೇಳಿಕೊಳ್ಳಿ.

ಗಡ್‌ಸರ್ ಕಣಿವೆದಾರಿ ಸುಮಾರು 4,200 ಮೀಟರ್, ಇಡೀ ದಾರಿಯಲ್ಲಿ ಎಲ್ಲಕ್ಕಿಂತ ಎತ್ತರ. ಹತ್ತು ಹೆಜ್ಜೆ, ಒಂದು ನಿಲುಗಡೆ, ಹೀಗೇ ಹತ್ತಿದೆವು. ತುದಿಯಲ್ಲಿ ನಿಂತು ಹಿಂದಿರುಗಿ ನೋಡಿದರೆ ಕೃಷನ್‌ಸರ್, ವಿಷನ್‌ಸರ್ ಎರಡೂ ಸರೋವರ ಒಂದೇ ನೋಟಕ್ಕೆ ಕಾಣುತ್ತವೆ. ಯಾರಿಗೂ ಮಾತೇ ಹೊರಡಲಿಲ್ಲ. ಆಚೆ ಇಳಿದರೆ ಹೂವಿನ ಹುಲ್ಲುಗಾವಲು. ನಮ್ಮ ಕಡೆ ಕುರುಬರು ಹಿಂಡು ಹೊಡೆದುಕೊಂಡು ಊರೂರು ತಿರುಗುವ ಹಾಗೆ ಅಲ್ಲಿ ಬಕರ್‌ವಾಲರು ಬೇಸಿಗೆಗೆ ಕುರಿಗಳೊಂದಿಗೆ ಮೇಲೆ ಬರುತ್ತಾರೆ.

ಸತ್‌ಸರ್ ಸರೋವರಗಳನ್ನು ದಾಟಿದ ಮೇಲೆ ಬಂಡೆಗಳ ರಾಶಿ ಸಿಗುತ್ತದೆ, ಮಳೆ ಬಿದ್ದರೆ ಜಾರುತ್ತದೆ. ಬೆಳಿಗ್ಗೆಯೇ ದಾಟಿಬಿಡಿ. ಕೊನೆಯ ದಿನ ಗಂಗಾಬಲ್ ಸರೋವರದಿಂದ ನಾರಾನಾಗ್‌ವರೆಗಿನ ಇಳಿಜಾರು ಮೊಣಕಾಲು ಹಿಂಡುತ್ತದೆ. ಎರಡೂ ಕೈಗೆ ಕೋಲು ಬೇಕು. ಅವತ್ತೇ ರಾತ್ರಿ ವಿಮಾನ ಹಿಡಿಯುವ ಯೋಚನೆ ಬಿಡಿ, ಮರುದಿನ ಮಧ್ಯಾಹ್ನದ ಟಿಕೆಟ್ ತೆಗೆಸಿ.