ಅಣ್ಣ ತಂದ ಪಟ್ಟಿ

ಭಾನುವಾರ ಬೆಳಿಗ್ಗೆ ದೊಡ್ಡಪ್ಪನ ಮಗ ಕೋಲಾರದ ನಮ್ಮ ಮನೆಗೆ ಬಂದ. ಟೊಮೆಟೊ ಮಂಡಿಯಿಂದ ನೇರವಾಗಿ ಬಂದಿದ್ದ. ಕೈಯಲ್ಲಿ ಪ್ರಿಂಟ್ ಹಾಕಿಸಿದ ದಪ್ಪ ಕಟ್ಟು. ಪಿಯುಸಿ ಓದುವ ಅವನ ಮಗನಿಗೆ ರಕ್ತದ ಕ್ಯಾನ್ಸರ್, ಬಿ-ಸೆಲ್ ಎಂಬ ಬಿಳಿ ರಕ್ತಕಣಗಳಲ್ಲಿ ಬರುವ ಎಎಲ್‌ಎಲ್. ಕೀಮೋ ಮುಗಿದ ಮೇಲೆ ಕಾಯಿಲೆ ಮರುಕಳಿಸಿದೆ. ಬೆಂಗಳೂರಿನ ಡಾಕ್ಟರು ಕಾರ್-ಟಿ ಚಿಕಿತ್ಸೆಯ ಮಾತು ಎತ್ತಿದ್ದಾರೆ, ಅಂದರೆ ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ಕ್ಯಾನ್ಸರ್ ಮೇಲೆ ಬಿಡುವುದು.

ಕಟ್ಟಿನಲ್ಲಿದ್ದದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈ ಚಿಕಿತ್ಸೆಯನ್ನು ಬೆಳೆಸಿದವರಲ್ಲಿ ಒಬ್ಬರಾದ ಕಾರ್ಲ್ ಜೂನ್ ಅವರ ಸಂಶೋಧನಾ ಲೇಖನಗಳ ಪಟ್ಟಿ. ಅಣ್ಣನ ಮಗಳು ವೈದ್ಯಕೀಯ ಲೇಖನಗಳ ಜಾಲತಾಣ ಪಬ್‌ಮೆಡ್‌ನಿಂದ ತೆಗೆದುಕೊಟ್ಟಿದ್ದಳು.

"ಇಷ್ಟೊಂದು ಬರೆದಿದ್ದಾರಲ್ಲಮ್ಮ, ಇದನ್ನ ನಂಬಿ ಜಮೀನು ಮಾರಬಹುದಾ? ಕಾಲೇಜಲ್ಲಿ ಬಯಾಲಜಿ ಹೇಳ್ಕೊಡ್ತೀಯ, ನೀನೇ ನೋಡು."

ಎಷ್ಟು ಬರೆದಿದ್ದಾರೆ ಅನ್ನೋದು ಬಿಡು ಅಂದೆ. ಯಾರ ಮೇಲೆ ಪರೀಕ್ಷೆ ಮಾಡಿದರು, ಎಷ್ಟು ಜನ, ಎಷ್ಟು ದಿನ ಗಮನಿಸಿದರು, ಅದನ್ನು ನೋಡೋಣ. ನಡುಮನೆಯಲ್ಲಿ ಹಾಳೆಗಳನ್ನು ಹರಡಿ ಕೂತೆವು.

ಹಳೆಯ ಲೇಖನಗಳಲ್ಲಿ ಟಿ-ಸೆಲ್ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ), ಎಚ್‌ಐವಿ ವಿಷಯವೇ ಜಾಸ್ತಿ. ಅಣ್ಣನ ಮುಖ ಬಾಡಿತು. ನನಗೆ ಮಾತ್ರ ಅವೇ ಮುಖ್ಯ ಅನ್ನಿಸಿದವು. ರೋಗಿಯ ರಕ್ತದಿಂದ ಟಿ-ಸೆಲ್ ತೆಗೆದು, ಹೊರಗೆ ಬೆಳೆಸಿ, ಮತ್ತೆ ದೇಹಕ್ಕೆ ಬಿಡುವುದನ್ನು ಅವರು ಕಲಿತದ್ದು ಆ ವರ್ಷಗಳಲ್ಲೇ. ಆ ಕೆಲಸ ಗೊತ್ತಿಲ್ಲದೆ ಕಾರ್-ಟಿ ಇಲ್ಲ. ಟಿ-ಸೆಲ್‌ಗೆ ಹೊಸ ಜೀನ್ ಸೇರಿಸಿ ಗುರಿ ತೋರಿಸುವ ಯೋಚನೆ ಇಸ್ರೇಲಿನ ಜೆಲಿಗ್ ಎಶ್‌ಹಾರ್ ತಂಡದ್ದು, 1989ರದ್ದು. ಜೂನ್ ತಂಡದ ಕಾರ್-ಟಿಯಲ್ಲಿ ಆ ಗುರಿ ಸಿಡಿ19, ಬಿ-ಸೆಲ್‌ಗಳ ಮೇಲಿರುವ ಪ್ರೋಟೀನು.

2011ರ ಲೇಖನಕ್ಕೆ ಬಂದೆವು. ಅದರಲ್ಲಿ ಒಬ್ಬನೇ ರೋಗಿ. ಅದೇ ಸಮಯದ ಇನ್ನೊಂದರಲ್ಲಿ ಮೂವರು.

"ಮೂರೇ ಜನಾನಾ?" ಅಂದ ಅಣ್ಣ.

ಮೂರೇ ಜನ. ಆದರೆ ಮುಂದಿನದನ್ನು ಅವನಿಗೆ ನಿಧಾನವಾಗಿ ಓದಿ ಹೇಳಿದೆ. 2013ರದ್ದು ಇಬ್ಬರು ಮಕ್ಕಳ ಬಗ್ಗೆ, ಇಬ್ಬರಿಗೂ ಎಎಲ್‌ಎಲ್. ಇಬ್ಬರ ರಕ್ತವೂ ಕ್ಯಾನ್ಸರ್‌ನಿಂದ ತೆರವಾಯಿತು. ಆಮೇಲೆ ಒಂದು ಮಗುವಿಗೆ ಕಾಯಿಲೆ ವಾಪಸ್ ಬಂತು, ಯಾಕಂದ್ರೆ ಹೊಸ ಕ್ಯಾನ್ಸರ್ ಕೋಶಗಳ ಮೇಲೆ ಸಿಡಿ19 ಇರಲಿಲ್ಲ. ಇನ್ನೊಂದು ಮಗು ಎಮಿಲಿ ವೈಟ್‌ಹೆಡ್. 2012ರಲ್ಲಿ ಚಿಕಿತ್ಸೆಯ ನಡುವೆಯೇ ವಿಪರೀತ ಜ್ವರ ಬಂದು ಸಾವಿನ ಅಂಚಿಗೆ ಹೋಗಿದ್ದಳು. ಕೀಲುವಾತಕ್ಕೆ ಕೊಡುವ ಟೊಸಿಲಿಜುಮಾಬ್ ಅವಳನ್ನು ಉಳಿಸಿತು. ಜೂನ್ ಅವರ ಮಗಳಿಗೂ ಕೀಲುವಾತ ಇದ್ದದ್ದರಿಂದ ಆ ಔಷಧಿ ಅವರಿಗೆ ಗೊತ್ತಿತ್ತು. ಗೆದ್ದ ಮಗುವಿನ ಪಕ್ಕದಲ್ಲೇ ಸೋತ ಮಗುವಿನ ವಿಷಯವನ್ನೂ ಬರೆದಿದ್ದಾರಲ್ಲ, ನನಗೆ ಈ ಪಟ್ಟಿಯ ಮೇಲೆ ನಂಬಿಕೆ ಬಂದದ್ದು ಅದಕ್ಕೇ. ಅಣ್ಣನಿಗೂ ಹಾಗೇ ಹೇಳಿದೆ.

2014ರಲ್ಲಿ 30 ಜನ, ಅವರಲ್ಲಿ 27 ಮಂದಿಗೆ ಕಾಯಿಲೆ ಕಾಣದಂತಾಯಿತು. 27 ಕೇಳಿ ಅಣ್ಣ ಎದ್ದು ನಿಂತ. ಕೂರು ಅಂದೆ. ಆರು ತಿಂಗಳ ಹೊತ್ತಿಗೆ ಕಾಯಿಲೆ ಮರಳದೆ ಉಳಿದವರ ಪ್ರಮಾಣ ಶೇ. 67. ಈ ಎರಡು ಅಂಕಿಗಳ ನಡುವೆ ಎಷ್ಟು ಮನೆಗಳ ಸಂಕಟ ಇದೆ ಅಲ್ವಾ? ಅಣ್ಣನಿಗೆ ಇದನ್ನು ಹೇಳೋದು ಕಷ್ಟವಾಯಿತು, ಆದರೆ ಮುಚ್ಚಿಡೋಕೆ ಮನಸ್ಸು ಬರಲಿಲ್ಲ. 2022ರ ಲೇಖನ ತುಸು ಧೈರ್ಯ ಕೊಟ್ಟಿತು. ಮೊದಲು ಚಿಕಿತ್ಸೆ ಪಡೆದವರಲ್ಲಿ ಇಬ್ಬರ ದೇಹದಲ್ಲಿ ಆ ಕಾರ್-ಟಿ ಕೋಶಗಳು ಹತ್ತು ವರ್ಷ ದಾಟಿದ ಮೇಲೂ ಇದ್ದವು.

ಅತ್ತಿಗೆ ಫೋನ್ ಮಾಡಿ, ಅಮೆರಿಕಕ್ಕೆ ಹೋಗಬೇಕಾ ಅಂತ ಕೇಳಿದರು. ಬೇಡ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ನಮ್ಮ ದೇಶದಲ್ಲೇ ಅನುಮತಿ ಸಿಕ್ಕಿದೆ. ವಿದೇಶದಲ್ಲಿ ಕೋಟಿಗಳ ಮಾತು, ಇಲ್ಲಿ ಹತ್ತಾರು ಲಕ್ಷ. ನಮ್ಮಂಥವರಿಗೆ ಅದೂ ಜಮೀನಿನ ಬೆಲೆಯೇ.

ಮಾರೋದಕ್ಕೆ ಮೊದಲು ಡಾಕ್ಟರನ್ನು ಏನೇನು ಕೇಳಬೇಕು ಅಂತ ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಟ್ಟೆ. ಹುಡುಗನ ಕ್ಯಾನ್ಸರ್ ಕೋಶಗಳಲ್ಲಿ ಸಿಡಿ19 ಇದೆಯಾ? ಜ್ವರ ಏರಿದರೆ ಐಸಿಯು, ಟೊಸಿಲಿಜುಮಾಬ್ ಸಿದ್ಧ ಇರುತ್ತಾ? ಆಮೇಲೆ ಮೂಳೆಮಜ್ಜೆ ಕಸಿ ಬೇಕಾಗುತ್ತಾ?

ಸೋಮವಾರ ಸಂಜೆ ಅಣ್ಣ ಫೋನ್ ಮಾಡಿದ. ಸಿಡಿ19 ಇದೆಯಂತೆ. ಮಜ್ಜೆ ಕಸಿಯ ಮಾತು ಆಮೇಲೆ ಅಂದರಂತೆ. ರಿಪೋರ್ಟುಗಳನ್ನು ಮುಂಬೈಗೆ ಕಳಿಸಿದ್ದಾರೆ, ಜಮೀನಿನ ಪತ್ರ ಇನ್ನೂ ಬೀರುವಿನಲ್ಲೇ ಇದೆ.