ಅಘನಾಶಿನಿಯ ಅಳಿವೆಯಲ್ಲಿ ಕಗ್ಗದ ಗದ್ದೆಗಳು

ಶಿರಸಿಯ ಸೀಮೆಯಲ್ಲಿ ಹುಟ್ಟಿ ಘಟ್ಟವಿಳಿದು ಬರುವ ಅಘನಾಶಿನಿಯು ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುವ ಮೊದಲು ಕುಮಟಾ ತಾಲ್ಲೂಕಿನ ಹಳ್ಳಿಗಳ ನಡುವೆ ಅಗಲವಾಗಿ ಹರಡಿಕೊಳ್ಳುತ್ತದೆ. ಮಿರ್ಜಾನ, ಹೆಗಡೆ, ಮಾಣಿಕಟ್ಟ, ಐಗಳಕುರ್ವೆ, ಕಾಗಾಲ ಮೊದಲಾದ ಊರುಗಳ ದುಡಿಮೆಯ ಹೊತ್ತನ್ನು ಇಲ್ಲಿ ಭರತ-ಇಳಿತಗಳೇ ನಿರ್ಧರಿಸುತ್ತವೆ.

ಈ ಊರುಗಳ ಅಂಚಿನಲ್ಲಿರುವ ಗಜನಿ ಎಂಬ ತಗ್ಗು ಭೂಮಿಯು ಮಳೆಗಾಲದಲ್ಲಿ ಗದ್ದೆ, ಉಳಿದ ಕಾಲದಲ್ಲಿ ಮೀನಿನ ನೆಲೆ. ಮುಂಗಾರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ, ಕಗ್ಗ ಎಂಬ ಭತ್ತದ ಮೊಳಕೆ ಬರಿಸಿದ ಬೀಜವನ್ನು ಕೆಸರಿಗೆ ಎರಚುತ್ತಾರೆ. ಉಪ್ಪನ್ನು ತಾಳಿಕೊಂಡು, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಕೊಳೆಯದೆ ಮತ್ತೆ ತಲೆಯೆತ್ತುವ ಈ ಭತ್ತಕ್ಕೆ ಹೊಳೆ ತಂದ ಮೆಕ್ಕಲೇ ಗೊಬ್ಬರ. ಕೊಯ್ಲಿನಲ್ಲಿ ನೀರಿನ ಮೇಲಿರುವ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಅಲ್ಲಿಯೇ ಬಿಡುತ್ತಾರೆ. ಅದು ಕೊಳೆತು ಸಿಗಡಿಗೂ ಮೀನಿಗೂ ಆಹಾರವಾಗುತ್ತದೆ. ಬಳಿಕ ತೂಬಿನ ಹಲಗೆ ಎತ್ತಿ ಭರತದ ನೀರನ್ನು ಒಳಗೆ ಬಿಟ್ಟು, ಇಳಿತದ ಹೊತ್ತಿಗೆ ತೂಬಿನ ಬಾಯಿಗೆ ಬಲೆ ಕಟ್ಟುತ್ತಾರೆ.

ಇಷ್ಟೆಲ್ಲ ನಡೆಯಬೇಕಾದರೆ ಹೊಳೆಯ ನೀರನ್ನು ತಡೆಯುವ ಮಣ್ಣಿನ ಒಡ್ಡು ಗಟ್ಟಿಯಾಗಿರಬೇಕು. ಒಂದು ಕಡೆ ಒಡ್ಡು ಒಡೆದರೂ ಉಪ್ಪುನೀರು ಇಡೀ ಗಜನಿಗೆ ನುಗ್ಗುವುದರಿಂದ, ಅದನ್ನು ಕಾಯುವುದು ಊರೊಟ್ಟಿನ ಕೆಲಸವಾಗಿತ್ತು. ಸಿಗಡಿಗೆ ಒಳ್ಳೆಯ ಬೆಲೆ ಬಂದ ಮೇಲೆ ಗಜನಿಯನ್ನು ಗುತ್ತಿಗೆಗೆ ಕೊಡುವುದು ಹೆಚ್ಚಿತು. ಗುತ್ತಿಗೆ ಹಿಡಿದವರಿಗೆ ನೀರು ಬೇಕಿತ್ತೇ ಹೊರತು ಭತ್ತ ಬೇಕಿರಲಿಲ್ಲ. ಹಣದ ಅಗತ್ಯವಿದ್ದ ರೈತರನ್ನು ನಾನು ದೂರಲಾರೆ. ಆದರೆ ಬಿತ್ತನೆ ನಿಂತ ಗಜನಿಗಳಲ್ಲಿ ಕಗ್ಗದ ಬೀಜವೂ ಇಲ್ಲವಾಗುತ್ತಿದೆ ಎಂಬುದು ನನ್ನನ್ನು ಬಹಳವಾಗಿ ಕಾಡುತ್ತದೆ, ಏಕೆಂದರೆ ವರ್ಷವರ್ಷವೂ ಬಿತ್ತಿ ಬೆಳೆದರೆ ಮಾತ್ರ ಆ ಬೀಜ ಊರಿನಲ್ಲಿ ಉಳಿಯುತ್ತದೆ.

ನದಿಯ ತಳವನ್ನೇ ನಂಬಿದವರೂ ಇದ್ದಾರೆ. ನೀರು ಇಳಿದಾಗ ಹೆಂಗಸರು ಹೊಳೆಯ ನಡುವಿನ ದಿಬ್ಬಗಳಲ್ಲಿ ಕೈಕಾಲುಗಳಿಂದಲೇ ಮರಳು ತಡವಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಬುಟ್ಟಿಗೆ ತುಂಬುತ್ತಾರೆ. ಸಿಹಿನೀರು, ಉಪ್ಪುನೀರುಗಳ ಬೆರಕೆಯ ಹದ ತಪ್ಪಿದರೆ ಬಳಚು ಉಳಿಯದು. ಈ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲದಿರುವುದರ ಬೆಲೆ ಅವರಿಗೆ ಚೆನ್ನಾಗಿ ಗೊತ್ತು.

2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಸಂತಸದ ಸಂಗತಿ. ಆ ಮನ್ನಣೆಯ ಜೊತೆಗೆ ಒಡ್ಡಿನ ದುರಸ್ತಿಗೂ ಹಣ ದೊರೆಯಬೇಕು, ಅದೂ ಬೇಸಿಗೆಯಲ್ಲಿಯೇ ದೊರೆಯಬೇಕು; ಜೂನಿನ ಮಳೆ ಹಿಡಿದ ಮೇಲೆ ಒಡ್ಡಿಗೆ ಹಾಕಿದ ಹಸಿ ಮಣ್ಣು ನಿಲ್ಲುವುದಿಲ್ಲ.